ಮೂರು ಇಂಚು, ಒಂದು ನೂಲು: 'ಮನಿ' ಲೂಪನ್ನು ಟೇಪಿನಲ್ಲೇ ಮಾಡಿದ್ದು

ಮೊನ್ನೆ ಭಾನುವಾರ ನಾನು ಮಾಡಿದ ಟೇಪ್ ಲೂಪ್ (ಎರಡು ತುದಿ ಸೇರಿಸಿ ಅಂಟಿಸಿದ, ಅದೇ ಸದ್ದನ್ನು ಸುತ್ತಿ ಸುತ್ತಿ ನುಡಿಸುವ ಟೇಪಿನ ಬಳೆ) ಮುಕ್ಕಾಲು ಗಂಟೆ ಓಡಿತು. ಎಲ್ಲೂ ಬಿಚ್ಚಿಕೊಳ್ಳಲಿಲ್ಲ, ತಾಳ ಜಾರಲಿಲ್ಲ. 'ಲ್ಯಾಪ್‌ಟಾಪ್‌ನಲ್ಲಿ ಹತ್ತು ನಿಮಿಷದ ಕೆಲಸ, ಸುಮ್ನೆ ದುಡ್ಡು ಹಾಳು ಮಾಡ್ತಿದ್ದೀಯ' ಅಂತ ವರ್ಷವಿಡೀ ಹೇಳಿದ ನಮ್ಮ ಬಾಸ್ ಗಿಟಾರಿನವನೇ ಅದರ ಜೊತೆ ಕೂತು ನುಡಿಸಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್‌ಗೆ 2023ರಲ್ಲಿ 50 ವರ್ಷ ತುಂಬಿತು. ಇಡೀ ಆಲ್ಬಮ್ ನುಡಿಸೋಣ ಅಂತ ನಾವು ನಾಲ್ವರು ಆಗ ಮಾತಾಡಿಕೊಂಡೆವು. ಅದರಲ್ಲಿ 'ಮನಿ' ಹಾಡು ಶುರುವಾಗುವುದೇ ಟೇಪ್ ಲೂಪಿನಿಂದ. ಏಳು ಬೀಟ್, ಏಳು ಸದ್ದು. ಆ ತಂಡದ ಬಾಸ್ ಗಿಟಾರಿನ ರೋಜರ್ ವಾಟರ್ಸ್ ತನ್ನ ಹೆಂಡತಿಯ ಕುಂಬಾರಿಕೆ ಬೋಗುಣಿಗೆ ಚಿಲ್ಲರೆ ಎಸೆದು ರೆಕಾರ್ಡ್ ಮಾಡಿದ್ದು, ತುಂಡುಗಳನ್ನು ಸ್ಕೇಲ್ ಇಟ್ಟು ಅಳೆದು ಅಂಟಿಸಿದ್ದು ನಿಮಗೆಲ್ಲ ಗೊತ್ತು. ನನ್ನ ತಲೆಗೆ ಹೊಕ್ಕಿದ್ದು ಆ ಸ್ಕೇಲ್. ತಾಳವನ್ನು ಇಂಚಿನಲ್ಲಿ ಅಳೆಯುವುದು! ಅದನ್ನು ಕೈಯಾರೆ ಮಾಡದೆ ಬಿಡುವುದು ನನ್ನಿಂದ ಆಗಲಿಲ್ಲ.

ರೀಲ್ ಡೆಕ್ (ರೀಲಿನ ಟೇಪ್ ಓಡಿಸುವ ರೆಕಾರ್ಡರ್) ಸೆಕೆಂಡ್ ಹ್ಯಾಂಡ್, ಅಮೆರಿಕದಿಂದ ಬಂದದ್ದು. ಸುಮಾರು 24 ಸಾವಿರ ಕೊಟ್ಟೆ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್‌ಗೆ ಎರಡೂವರೆ ಸಾವಿರ. ಟೇಪ್, ಟೇಪನ್ನು ಇಟ್ಟು ಕತ್ತರಿಸಿ ಅಂಟಿಸುವ ಸ್ಪ್ಲೈಸಿಂಗ್ ಬ್ಲಾಕ್, ಬ್ಲೇಡು ಎಲ್ಲ ಸೇರಿ ಇನ್ನೊಂದು ಆರು ಸಾವಿರ ಇರಬೇಕು. ಮೊದಲ ಎರಡು ರೀಲು ಪೂರ್ತಿ ನಷ್ಟ. ಹಳೇ ಟೇಪಿನ ಲೇಪನ ತೇವ ಹೀರಿ ಅಂಟಂಟಾಗಿತ್ತು. ಹತ್ತು ನಿಮಿಷ ಓಡಿದರೆ ಟೇಪಿನ ಸದ್ದು ಓದುವ ಹೆಡ್ ಮೇಲೆ ಕಂದು ಬಣ್ಣದ ಗೋಂದು. ಒರೆಸಿ ಒರೆಸಿ ಸಾಕಾಗಿ ಹೊಸ ಟೇಪ್ ತರಿಸಿದೆ. ಅಲ್ಲಿಗೆ ಮತ್ತೆ ನಾಲ್ಕು ಸಾವಿರ.

ಲೆಕ್ಕ ಸುಲಭ ಅನ್ನಿಸಿತ್ತು. ಸೆಕೆಂಡಿಗೆ 7.5 ಇಂಚಿನ ವೇಗ, ನಮಗೆ ಬೇಕಿದ್ದದ್ದು ನಿಮಿಷಕ್ಕೆ 120 ಬೀಟ್. ಅಂದರೆ ಬೀಟಿಗೆ ಮೂರೂಮುಕ್ಕಾಲು ಇಂಚು. ಒಂದು ಸುತ್ತು 26 ಇಂಚು ಚಿಲ್ಲರೆ. ಕತ್ತರಿಸಿದೆ, ಅಂಟಿಸಿದೆ, ಹಾಕಿದೆ. ಲೂಪ್ ಎಳೆದಾಡುತ್ತಿತ್ತು. ಅಳತೆ ತಪ್ಪಿರಬೇಕು ಅಂತ ಇನ್ನೊಂದು ಮಾಡಿದೆ. ಅದೂ ಹಾಗೇ. ಹೀಗೆ ಐದು ಲೂಪ್, ಮೂರು ವಾರ. ಕೊನೆಗೆ ಮೆಟ್ರೊನೋಮ್ ಇಟ್ಟು ನೋಡಿದರೆ ಸರಿಯಾಗಿ 100. ಆಗ ಹೊಳೆಯಿತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಅಷ್ಟೇ. ಈ ಡೆಕ್ಕಿನ ಮೋಟರ್ ಓಡುವುದು ಕರೆಂಟಿನ ಫ್ರೀಕ್ವೆನ್ಸಿ ಹಿಡಿದು. ಅಲ್ಲಿ 60 ಹರ್ಟ್ಜ್, ನಮ್ಮಲ್ಲಿ 50. ನನ್ನ ಡೆಕ್ ಓಡುತ್ತಿದ್ದದ್ದು ಸೆಕೆಂಡಿಗೆ ಆರೂಕಾಲು ಇಂಚು!

ವೇಗ ಸರಿಯಾಗಲು ಮೋಟರಿನ ಪುಲ್ಲಿ ಬದಲಾಯಿಸು ಅಂತ ಎಲ್ಲರೂ ಹೇಳಿದರು. ನಾನು ಮೋಟರಿಗೆ ಕೈ ಹಾಕಲಿಲ್ಲ, ಸ್ಕೇಲಿನ ಲೆಕ್ಕ ಬದಲಾಯಿಸಿದೆ. ರೆಕಾರ್ಡ್ ಮಾಡುವುದೂ ನುಡಿಸುವುದೂ ಅದೇ ಡೆಕ್ ಆದ್ದರಿಂದ ಶ್ರುತಿಗೆ ತೊಂದರೆಯಿಲ್ಲ, ಅಲ್ವಾ? ಬೀಟಿಗೆ ಮೂರು ಇಂಚು, ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ). ಬಡಗಿಯ ಸ್ಟೀಲ್ ಸ್ಕೇಲಿನಲ್ಲಿ ಆ ಗೆರೆ ಸಿದ್ಧವಾಗಿಯೇ ಇತ್ತು. ಒಂದು ಸುತ್ತಿನ ಲೂಪ್ ತೀರಾ ಗಿಡ್ಡ ಆಗುತ್ತದೆ. ಅದಕ್ಕೇ ಎರಡು ಸುತ್ತು, 14 ತುಂಡು, ಹತ್ತಿರ ಹತ್ತಿರ 44 ಇಂಚು ಮಾಡಿದೆ. ಹೆಡ್‌ನಿಂದ ಹೊರಟು ಮೈಕ್ ಸ್ಟ್ಯಾಂಡ್ ಸುತ್ತಿ ವಾಪಸ್. ಡೆಕ್ ತಾನಾಗಿ ನಿಲ್ಲದಂತೆ ಟೇಪಿನ ಬಿಗಿತ ನೋಡುವ ಟೆನ್ಷನ್ ಆರ್ಮ್‌ಗೆ ರಬ್ಬರ್ ಬ್ಯಾಂಡ್ ಕಟ್ಟಿದೆ.

ಬಿಗಿತ ಮಾತ್ರ ಬಹಳ ಕಾಡಿತು. ಸಡಿಲವಾದರೆ ಟೇಪ್ ಹೆಡ್ ಬಿಟ್ಟು ಸದ್ದು ಮಂಕಾಗುತ್ತದೆ. ಬಿಗಿಯಾದರೆ ಸ್ಪ್ಲೈಸ್, ಅಂದರೆ ಅಂಟಿಸಿದ ಜಾಗ, ಹಿಗ್ಗಿ ಅಲ್ಲೊಂದು ಗುಟುಕು ಬೀಳುತ್ತದೆ. ಸ್ಟ್ಯಾಂಡಿನ ಕಬ್ಬಿಣಕ್ಕೆ ಉಜ್ಜಿ ಎರಡು ಲೂಪ್ ಹರಿದವು. ಈಗ ಅಲ್ಲೊಂದು ಚಿಕ್ಕ ವಸ್ತು ಸಿಕ್ಕಿಸಿದ್ದೇನೆ, ಟೇಪ್ ಬೆಣ್ಣೆಯ ಮೇಲೆ ಓಡಿದ ಹಾಗೆ ಓಡುತ್ತದೆ. ಏನು ಅಂತ ಸದ್ಯಕ್ಕೆ ಹೇಳುವುದಿಲ್ಲ.

ಚಿಲ್ಲರೆಗೆ ಈಗಿನ ಸ್ಟೀಲ್ ನಾಣ್ಯ ಬೇಡ, ಬರೀ ಚುರುಕು, ಒಳಗೆ ತುಂಬುವುದಿಲ್ಲ. ಹಳೇ ದಪ್ಪ ಒಂದು ರೂಪಾಯಿ ಒಳ್ಳೆಯದು. ಸ್ಟೀಲ್ ಪಾತ್ರೆ, ಹಿತ್ತಾಳೆ, ಮಡಕೆ ಎಲ್ಲ ನೋಡಿದೆ. ಅಮ್ಮನ ಉಪ್ಪಿನಕಾಯಿ ಭರಣಿಯೇ ಗೆದ್ದದ್ದು. ಅದರ ಕೆಳಗೆ ಏನು ಹಾಸಿದೆ ಅನ್ನುವುದೂ ನನ್ನಲ್ಲೇ ಇರಲಿ. ಗುರುತು ಹಾಕುವಾಗ ರೀಲನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿ ನಾಣ್ಯ ತಾಗುವ ಜಾಗ ಹುಡುಕಿ, ಅದಕ್ಕಿಂತ ಕೂದಲೆಳೆ ಮೊದಲೇ ಕತ್ತರಿಸಿ. ನಾನು ಸರಿಯಾಗಿ ತಾಗುವಲ್ಲೇ ಕತ್ತರಿಸುತ್ತಿದ್ದೆ. ಟಣ್ ಅನ್ನುವುದರ 'ಟ' ಹೋಗಿ ಬರೀ 'ಣ್' ಉಳಿಯುತ್ತಿತ್ತು.

ನಡುವೆ ಅದೇ ಆಲ್ಬಮ್ಮಿನ 'ಟೈಮ್' ಹಾಡಿನ ಗಡಿಯಾರಗಳ ಹಿಂದೆಯೂ ಬಿದ್ದೆ. ಆಲ್ಬಮ್ಮಿನ ಸೌಂಡ್ ಎಂಜಿನಿಯರ್ ಆಲನ್ ಪಾರ್ಸನ್ಸ್ ಹಳೇ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದನ್ನೇ ಬೇರೆ ಬೇರೆ ರೆಕಾರ್ಡ್ ಮಾಡಿದ್ದರು. ನಾನು ಒಂದು ರಿಪೇರಿ ಅಂಗಡಿಯಲ್ಲಿ ಏಳು ಗಡಿಯಾರಗಳನ್ನು ಒಟ್ಟಿಗೇ ಹೊಡೆಸಿದೆ. ಕೇಳಿದರೆ ಬರೀ ಗದ್ದಲ. ಮಾರನೇ ವಾರ ಒಂದೊಂದಾಗಿ ತೆಗೆದು ಸೇರಿಸಿದೆ, ಆಗ ಪ್ರತಿಯೊಂದಕ್ಕೂ ಅದರದೇ ದನಿ ಬಂತು.

ಲೂಪ್ ಸರಿಹೋದ ಮೇಲೆ ಮೃದಂಗದ ಗೆಳೆಯನನ್ನು ಕರೆದೆ. ಎರಡು ಸುತ್ತು ಕೇಳಿದ, 'ಮಿಶ್ರ ಚಾಪು' (ಏಳರ ತಾಳ) ಅಂದ, ತಕಿಟ ತಕಧಿಮಿ ಅಂತ ಹಿಡಿದೇಬಿಟ್ಟ. ಗಿಟಾರ್ ಸೋಲೋ ನಾಲ್ಕು ಬೀಟಿಗೆ ತಿರುಗುವ ಜಾಗದಲ್ಲಿ ಮಾತ್ರ ತಡವರಿಸಿದ. ಅಲ್ಲಿಗೆ ಆದಿತಾಳ ಹಾಕೋಣ ಅಂತ ಈಗ ಇಬ್ಬರೂ ಕೂತಿದ್ದೇವೆ.

ಒಟ್ಟು ಖರ್ಚು 40 ಸಾವಿರದ ಹತ್ತಿರ. ಕೆಟ್ಟ ಲೂಪುಗಳು ಹನ್ನೊಂದೋ ಹನ್ನೆರಡೋ. ಒಳ್ಳೆಯದು ಒಂದು, ಮೈಕ್ ಸ್ಟ್ಯಾಂಡಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಬಾಸ್‌ನವನು ಮುಂದಿನ ಭಾನುವಾರಕ್ಕೆ ಅದರ ಇನ್ನೊಂದು ಪ್ರತಿ ಮಾಡಿಡು ಅಂದಿದ್ದಾನೆ, ತುಂಡಾದರೆ ಇರಲಿ ಅಂತ.