ಕಾಲೇಜು ಬದಲಿಸುವ ಮುನ್ನ ನಾನು ಹಾಕಿದ ಲೆಕ್ಕ

ಎರಡನೆಯ ವರ್ಷದ ಮೊದಲ ಸೆಮಿಸ್ಟರ್ ಅರ್ಧ ಕಳೆಯುವ ಹೊತ್ತಿಗೆ, ಇನ್ನು ಈ ಕಾಲೇಜಿನಲ್ಲಿ ಇರಲಾರೆ ಎಂಬಷ್ಟು ಬೇಸರ ನನ್ನಲ್ಲಿ ಮಡುಗಟ್ಟಿತ್ತು. ಆದರೆ ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದ ಕಾರಣ ಅದಲ್ಲ. ದೊಡ್ಡ ಹೆಸರಿನ ಕಾಲೇಜಿಗೆ ಹೋದರೆ ಒಳ್ಳೆಯ ಉದ್ಯೋಗ ಸಿಗುತ್ತದೆ ಎನ್ನುತ್ತಿದ್ದೆ. ಬೇಸರವನ್ನು ಒಪ್ಪಿಕೊಳ್ಳಲು ಇದ್ದ ನಾಚಿಕೆ ಮಹತ್ವಾಕಾಂಕ್ಷೆಯನ್ನು ಹೇಳಿಕೊಳ್ಳಲು ಇರಲಿಲ್ಲ.

ಇವೆರಡನ್ನೂ ಬಿಡಿಸಿ ನೋಡಲೆಂದು ಆರು ವಾರಗಳ ಕಾಲ ಒಂದು ನೋಟ್‌ಬುಕ್ ಇಟ್ಟುಕೊಂಡು, ದಿನದ ಯಾವ ಹೊತ್ತು ಭಾರವಾಯಿತು, ಆಗ ಎಲ್ಲಿದ್ದೆ ಎಂದಷ್ಟೇ ಬರೆಯತೊಡಗಿದೆ. ಹಾಸ್ಟೆಲ್ಲಿನ ಸಂಜೆಗಳೇ ಕಾರಣವೆಂದು ನಂಬಿದ್ದೆ. ಪುಟಗಳು ಹೇಳಿದ್ದು ಬೇರೆ: ಸಂಜೆಗಳು ಹೇಗೋ ಸಾಗುತ್ತಿದ್ದವು, ಸಾಗದೆ ನಿಲ್ಲುತ್ತಿದ್ದುದು ಪ್ರಯೋಗಾಲಯದ ಮಧ್ಯಾಹ್ನಗಳು. ನಾನು ಮುಂದೆ ಕೆಲಸ ಮಾಡಬೇಕೆಂದುಕೊಂಡಿದ್ದ ಎಂಬೆಡೆಡ್ ಸಿಸ್ಟಮ್ಸ್ (ಯಂತ್ರಗಳ ಒಳಗಿದ್ದು ಅವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್‌ಗಳು) ವಿಷಯವನ್ನು ಕಲಿಸುವವರೇ ವಿಭಾಗದಲ್ಲಿ ಇರಲಿಲ್ಲ. ಪಠ್ಯಕ್ರಮದಲ್ಲಿ ಹೆಸರಿದ್ದ ಐಚ್ಛಿಕ ವಿಷಯ ಎರಡು ವರ್ಷಗಳಿಂದ ನಡೆದಿರಲಿಲ್ಲ. ಬೇಸರದ ಮೂಲ ಹಾಸ್ಟೆಲ್ಲಾಗಿದ್ದರೆ ಕೊಠಡಿ ಬದಲಿಸಿದ್ದರೆ ಸಾಕಿತ್ತು.

ದೊಡ್ಡ ಹೆಸರಿನ ಮೋಹ ಇಳಿಯಲು ಒಂದು ಅಧ್ಯಯನ ನೆರವಾಯಿತು. ಹೆಚ್ಚು ಬೇಡಿಕೆಯ ಕಾಲೇಜುಗಳಿಗೂ ಅರ್ಜಿ ಹಾಕಿ, ಕೊನೆಗೆ ಕಡಿಮೆ ಬೇಡಿಕೆಯ ಕಡೆ ಓದಿದವರ ಸಂಪಾದನೆ ಸರಾಸರಿಯಲ್ಲಿ ಹಿಂದೆ ಬಿದ್ದಿರಲಿಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ 2002ರಲ್ಲಿ ತೋರಿಸಿದ್ದರು. ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಹೆಚ್ಚು ಬೇಡಿಕೆಯ ಕಾಲೇಜು ಲಾಭ ತಂದಿತ್ತು. ನಾನು ಆ ವರ್ಗದವನಲ್ಲ. ಹೀಗಾಗಿ ಶ್ರೇಯಾಂಕದ ಪಟ್ಟಿಯನ್ನು ಬದಿಗಿಟ್ಟು, ನನ್ನ ವಿಷಯವನ್ನು ಯಾರು ಕಲಿಸುತ್ತಾರೆ, ತರಗತಿ ಮುಗಿದ ಮೇಲೂ ಪ್ರಯೋಗಾಲಯದ ಬಾಗಿಲು ವಿದ್ಯಾರ್ಥಿಗಳಿಗೆ ತೆರೆದಿರುತ್ತದೆಯೇ ಎಂಬೆರಡೇ ಪ್ರಶ್ನೆಗಳಿಂದ ಹುಡುಕಿದಾಗ, ಹೆಸರಿನಲ್ಲಿ ನನ್ನ ಕಾಲೇಜಿಗಿಂತ ಮೇಲೇನೂ ಅಲ್ಲದ ಒಂದು ಕಾಲೇಜು ಸಿಕ್ಕಿತು.

ಮುಂದಿನದು ಕ್ರೆಡಿಟ್‌ಗಳ, ಅಂದರೆ ಒಂದೊಂದು ವಿಷಯ ಮುಗಿಸಿದಾಗಲೂ ಪದವಿಯ ಲೆಕ್ಕಕ್ಕೆ ಸೇರುವ ಅಂಶಗಳ ಲೆಕ್ಕ, ಮತ್ತು ನಾನು ಮೋಸಹೋಗುವುದರಲ್ಲಿದ್ದುದು ಇಲ್ಲಿಯೇ. ನಿಮ್ಮ ಕ್ರೆಡಿಟ್‌ಗಳನ್ನೆಲ್ಲ ಒಪ್ಪಿಕೊಳ್ಳುತ್ತೇವೆ ಎಂದು ಆ ಕಾಲೇಜಿನ ಕಚೇರಿಯವರು ದೂರವಾಣಿಯಲ್ಲಿ ಹೇಳಿದಾಗ ನಿರಾಳವಾಗಿದ್ದೆ. ಆದರೂ ಪ್ರತಿ ವಿಷಯದ ಪಠ್ಯಕ್ರಮವನ್ನು ಲಗತ್ತಿಸಿ, ಇದು ನಿಮ್ಮಲ್ಲಿ ಯಾವ ಕಡ್ಡಾಯ ವಿಷಯಕ್ಕೆ ಬದಲಾಗಿ ಸಲ್ಲುತ್ತದೆ ಎಂದು ಶುಲ್ಕ ಕಟ್ಟುವ ಮುನ್ನ ಪತ್ರದಲ್ಲಿ ಕೇಳಿದೆ. ಮೂರು ವಿಷಯಗಳು ಒಟ್ಟು ಲೆಕ್ಕಕ್ಕೆ ಸೇರುತ್ತವೆಯೇ ಹೊರತು ಕಡ್ಡಾಯ ವಿಷಯಗಳ ಜಾಗ ತುಂಬುವುದಿಲ್ಲ ಎಂಬ ಉತ್ತರ ಬಂತು. ಆ ಕಡ್ಡಾಯ ವಿಷಯಗಳಲ್ಲೊಂದನ್ನು ಮುಗಿಸದೆ ಮುಂದಿನ ಎರಡಕ್ಕೆ ಪ್ರವೇಶವಿಲ್ಲವಾದ್ದರಿಂದ ಪದವಿ ಒಂದು ಸೆಮಿಸ್ಟರ್ ತಡವಾಗುವುದು ಖಚಿತವಾಯಿತು. ಹಳೆಯ ಅಂಕಗಳು ಹೊಸ ಸರಾಸರಿಗೆ ಸೇರುತ್ತಿರಲಿಲ್ಲ. ಎಂದರೆ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವಾಗ ನನ್ನ ಕೈಯಲ್ಲಿ ಇರುವುದು ಒಂದೇ ಸೆಮಿಸ್ಟರಿನ ಫಲಿತಾಂಶ, ಅದೂ ಹೊಸ ಜಾಗಕ್ಕೆ ಹೊಂದಿಕೊಳ್ಳುವ ಗಡಿಬಿಡಿಯಲ್ಲಿ ಬರೆದ ಪರೀಕ್ಷೆಗಳದು. ಕಾಲೇಜು ಬದಲಿಸಿದವರ ಅಂಕಗಳು ಮೊದಲಿಗೆ ಕುಸಿಯುವುದಕ್ಕೆ ಅಮೆರಿಕದ ಸಂಶೋಧಕ ಜಾನ್ ಹಿಲ್ಸ್ 1965ರಲ್ಲೇ ‘ವರ್ಗಾವಣೆಯ ಆಘಾತ’ ಎಂದು ಹೆಸರಿಟ್ಟಿದ್ದರು. ನಾನೊಬ್ಬ ಅದಕ್ಕೆ ಅಪವಾದವಾಗುವೆನೆಂದು ಭಾವಿಸಲು ಆಧಾರವಿರಲಿಲ್ಲ.

ಆರು ತಿಂಗಳ ವಿಳಂಬವನ್ನೂ ಅಷ್ಟು ದಿನಗಳ ಖರ್ಚನ್ನೂ ಒಂದು ಕಡೆ ಇಟ್ಟು, ನನಗೆ ಬೇಕಾದುದನ್ನು ಕಲಿಯದೆಯೇ ಪದವಿ ಪಡೆಯುವುದನ್ನು ಇನ್ನೊಂದು ಕಡೆ ಇಟ್ಟು ತೂಗಿದೆ. ಹೊರಡುವುದೆಂದು ನಿರ್ಧರಿಸಿದೆ. ಹೊಸ ಕಾಲೇಜಿನಲ್ಲಿ ನನ್ನನ್ನು ಬಲ್ಲ ಅಧ್ಯಾಪಕರು ವರ್ಷವಾದರೂ ಇರುವುದಿಲ್ಲವಾದ್ದರಿಂದ, ಹಳೆಯ ಇಬ್ಬರು ಅಧ್ಯಾಪಕರಿಂದ ಶಿಫಾರಸು ಪತ್ರಗಳನ್ನು ಮೊದಲೇ ಬರೆಸಿಕೊಂಡೆ.

ಅಂಕಗಳು ಎಣಿಸಿದಂತೆಯೇ ಕುಸಿದವು. ಮೊದಲ ರಜೆಯಲ್ಲಿ ಇಂಟರ್ನ್‌ಶಿಪ್ ಸಿಗಲಿಲ್ಲ. ಆ ರಜೆಯನ್ನು ಪ್ರಯೋಗಾಲಯದಲ್ಲಿ ಮೋಟಾರ್ ನಿಯಂತ್ರಿಸುವ ಒಂದು ಬೋರ್ಡನ್ನು ಕಟ್ಟುವುದರಲ್ಲಿ ಕಳೆದೆ, ಮರುವರ್ಷದ ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಬಹುಪಾಲು ಆ ಬೋರ್ಡಿನ ಕುರಿತೇ ಇದ್ದವು. ಸಂಜೆಗಳ ಮಟ್ಟಿಗೆ ಹೇಳುವುದಾದರೆ, ಹಳೆಯ ಹಾಸ್ಟೆಲ್ಲಿನವೇ ಮೇಲಾಗಿದ್ದವು.