ಹಳೆಯ ಹಿತ್ತಾಳೆಯನ್ನು ಹೊಸದು ಮಾಡಬೇಡಿ

ಮದುವೆಯಾದ ಹೊಸತರಲ್ಲಿ, ಮಾವನವರು ಯಾವುದೋ ಬಂಗಲೆಯ ಹರಾಜಿನಲ್ಲಿ ತಂದಿದ್ದ ಹಿತ್ತಾಳೆಯ ಕ್ಯಾಂಡಲ್ ಸ್ಟ್ಯಾಂಡನ್ನು ನಾನು ರಾತ್ರಿಯಿಡೀ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದ್ದೆ. ಬೆಳಿಗ್ಗೆ ತೆಗೆದರೆ ಅಲ್ಲಲ್ಲಿ ಕೆಂಪು ಮಚ್ಚೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹುಳಿಯಲ್ಲಿ ಬಹಳ ಹೊತ್ತು ಬಿದ್ದಿದ್ದರೆ ಸತು ಕರಗಿ ತಾಮ್ರ ಮಿಕ್ಕುತ್ತದೆ ಎಂಬುದು ಆಗ ಯಾರಿಗೆ ಗೊತ್ತಿತ್ತು? ಅತ್ತೆ ಬೈಯಲಿಲ್ಲ. "ಇದೇನು ದೇವರ ದೀಪವೇನಮ್ಮ, ಹೀಗೆ ಬೆಳಗುವುದಕ್ಕೆ?" ಎಂದರು, ಅಷ್ಟೆ. ಆ ಮಚ್ಚೆ ಇಂದಿಗೂ ಹಾಗೇ ಇದೆ.

ಅತ್ತೆಯ ಮಾತು ನಿಜ. ದೇವರ ಮನೆಯ ಕಾಲುದೀಪ ಫಳಫಳ ಹೊಳೆಯಬೇಕು. ಅಲಂಕಾರಕ್ಕೆ ಇಡುವ ಹಳೆಯ ಸ್ಟ್ಯಾಂಡಿಗೆ ಆ ಮಂಕು ಕಂದು ಬಣ್ಣವೇ ಒಡವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಹಸಿರು ಕಿಲುಬು ಕಂಡ ಕಡೆ ಮಾತ್ರ ನಿಂಬೆಹೋಳಿಗೆ ಉಪ್ಪು ಮುಟ್ಟಿಸಿ ಮೆಲ್ಲನೆ ಉಜ್ಜಿ, ಎರಡು ನಿಮಿಷದಲ್ಲಿ ತೊಳೆದುಬಿಡಿ. ಬಿದರಿಯದಾದರೆ ಅದೂ ಬೇಡ. ಸತುವಿನ ಪಾತ್ರೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿ ಬರಿಸಿದ ಕಪ್ಪು ಅದು; ಪಾತ್ರೆ ತೊಳೆಯುವ ಪುಡಿ ಹಾಕಿ ತಿಕ್ಕಿದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆರಳ ತುದಿಯಷ್ಟು ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಕಪ್ಪೂ ಬೆಳ್ಳಿಯ ಎಳೆಯೂ ಎದ್ದು ಕಾಣುತ್ತವೆ.

ಹಳೆಯದೆಂದು ಮಾರುವುದೆಲ್ಲ ಹಳೆಯದಲ್ಲ. ಕೊಳ್ಳಲು ಹೋಗುವಾಗ ಫ್ರಿಜ್ ಬಾಗಿಲಿನ ಅಯಸ್ಕಾಂತವೊಂದನ್ನು ಚೀಲದಲ್ಲಿಟ್ಟುಕೊಳ್ಳಿ. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿರುವುದು ಬರೀ ಲೇಪ. ಆಮೇಲೆ ಬುಡ ಮಗುಚಿ ನೋಡಿ. ಕೈ ಹಿಡಿಯುವ ಕಡೆ ನುಣುಪಾಗಿ, ಸಂದುಗಳಲ್ಲಿ ಕಪ್ಪು ಕೂತಿದ್ದರೆ ನಂಬಬಹುದು. ಎಲ್ಲ ಕಡೆಯೂ ಒಂದೇ ಸಮನೆ ಕಪ್ಪಾಗಿದ್ದರೆ ಯಾರೋ ಬಳಿದದ್ದು. ನಮ್ಮ ಸ್ಟ್ಯಾಂಡಿನ ಬುಡದಲ್ಲೊಂದು ಪುಟ್ಟ ಗುಂಡಿಯಿದೆ. ಕೆಳಗಿನಿಂದ ಒತ್ತಿದರೆ ಉರಿದುಳಿದ ಮೇಣದ ತುಂಡು ಮೇಲಕ್ಕೆದ್ದು ಬರುತ್ತದೆ. ಎಂಥ ಬುದ್ಧಿವಂತಿಕೆ! ಈಗಿನ ದುಬಾರಿ ಸ್ಟ್ಯಾಂಡುಗಳಲ್ಲಿ ಇದನ್ನು ನಾನು ಕಾಣೆ.

ಜೋಡಿಸುವ ವಿಚಾರದಲ್ಲಿ ನನಗೂ ಸೊಸೆಗೂ ಸಣ್ಣ ಜಗಳವೇ ಆಯಿತು. ಟಿವಿಯ ಆಚೆಗೊಂದು ಈಚೆಗೊಂದು ಇಡೋಣ ಎಂದಳು. ದ್ವಾರಪಾಲಕರ ಹಾಗೆ ಕಾಣುತ್ತದೆ, ಬೇಡವೆಂದೆ. ಕೊನೆಗೆ ಊಟದ ಮನೆಯ ಗೋಡೆಗನ್ನಡಿಯ ಮುಂದೆ, ಬೀಟೆ ಮರದ ಹಳೆಯ ತಟ್ಟೆಯ ಮೇಲೆ ಮೂರನ್ನು ಒಟ್ಟಿಗೆ ಇಟ್ಟೆವು: ಎತ್ತರದ್ದು ಮಾವನವರ ಹಿತ್ತಾಳೆ, ನಡುವಿನದು ಅವಳು ತಂದ ಕಪ್ಪು ಕಬ್ಬಿಣದ ಸಪೂರ ಕಡ್ಡಿ, ಗಿಡ್ಡದ್ದು ಬಣ್ಣವಿಲ್ಲದ ಗಾಜು. ಹಳೆಯದರ ಪಕ್ಕ ಹೊಸದು ಸಾದಾ ಇದ್ದಷ್ಟೂ ಹೊಂದುತ್ತದೆ. ಚಿನ್ನದ ಬಣ್ಣದ್ದನ್ನು ತಂದಿಟ್ಟರೆ ಹಿತ್ತಾಳೆ ಪಾಪ ಬಡವಾಗುತ್ತದೆ. ಮೂರಕ್ಕೂ ಬಿಳಿಯ ಮೇಣದ ಬತ್ತಿಯನ್ನೇ ಹಾಕಿ.

ಚನ್ನಪಟ್ಟಣದ ಅರಗಿನ ಬಣ್ಣದ ಸ್ಟ್ಯಾಂಡುಗಳು ನನಗೆ ಬಲು ಇಷ್ಟ. ಆದರೆ ಅರಗು ಬಿಸಿಗೆ ಮೆತ್ತಗಾಗುತ್ತದೆ, ಒಳಗಿರುವುದು ಮರ. ಬತ್ತಿ ಕೂರುವ ಕುಳಿಯಲ್ಲಿ ಲೋಹದ ಬಟ್ಟಲು ಇಲ್ಲದಿದ್ದರೆ ಹಚ್ಚಲೇಬೇಡಿ, ಹಾಗೇ ಇಡಿ. ಫ್ಯಾನಿನ ಕೆಳಗೆ, ಪರದೆಯ ಹತ್ತಿರ ಯಾವುದನ್ನೂ ಹಚ್ಚಬೇಡಿ. ಗಾಳಿಗೆ ಬತ್ತಿ ಒಂದೇ ಪಕ್ಕ ಕರಗಿ ಮೇಜಿನ ಮೇಲೆಲ್ಲ ಮೇಣ ಸುರಿಯುತ್ತದೆ, ಬೆಂಕಿಯ ಭಯ ಬೇರೆ. ಆರಿಸುವಾಗಲೂ ಬಾಯಿಂದ ಊದದೆ, ಉರಿಯ ಮೇಲೆ ಚಮಚವನ್ನು ಬೋರಲು ಹಿಡಿಯಿರಿ.

ಲೋಹಕ್ಕೆ ಅಂಟಿದ ಮೇಣವನ್ನು ಚಾಕುವಿನಿಂದ ಕೆರೆಯಬಾರದು. ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಮೇಣ ಕುಗ್ಗಿ, ಉಗುರು ತಾಗಿಸಿದರೆ ಹಪ್ಪಳದಂತೆ ಕಳಚುತ್ತದೆ. ಗಾಜಿನದಕ್ಕೆ ಉಗುರುಬೆಚ್ಚಗಿಂತ ತುಸು ಬಿಸಿಯಾದ ನೀರು ಸಾಕು. ಆ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಮೇಣ ಪೈಪಿನಲ್ಲಿ ಹೆಪ್ಪುಗಟ್ಟಿದರೆ ಪ್ಲಂಬರನನ್ನೇ ಕರೆಯಬೇಕು.

ಕಳಚಿದ ಚೂರುಗಳನ್ನೆಲ್ಲ ನಾನೊಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತೇನೆ. ಮಳೆಗಾಲದಲ್ಲಿ ಉಬ್ಬಿ ಬಿಗಿಯುವ ಡ್ರಾಯರಿನ ಅಂಚಿಗೆ ಉಜ್ಜಿದರೆ ಸರಾಗವಾಗಿ ಜಾರುತ್ತದೆ. ಮೊನ್ನೆ ಸೊಸೆಯೇ ಬಂದು, "ಅತ್ತೆ, ಸೂಟ್‌ಕೇಸಿನ ಜಿಪ್ಪು ಸಿಕ್ಕಿಕೊಂಡಿದೆ, ಆ ಡಬ್ಬಿ ಎಲ್ಲಿ?" ಎಂದು ಕೇಳಿದಳು.