ಮ್ಯಾಟಿನಿ ಬಿಟ್ಟುಕೊಡಲಿಲ್ಲ: ಮುಳಬಾಗಿಲ ಥಿಯೇಟರ್‌ನಲ್ಲಿ ನನ್ನ ಅನುಭವ

ನನ್ನ ಥಿಯೇಟರ್‌ನ ನಾಲ್ಕು ಆಟಗಳಲ್ಲಿ ದಿನಾ ಒಂದು ಆಟ ಕನ್ನಡ ಚಿತ್ರಕ್ಕೇ ಅಂದಾಗ ಗಾಂಧಿನಗರದಲ್ಲೂ ನಕ್ಕರು, ಊರಲ್ಲೂ ನಕ್ಕರು. ಆಂಧ್ರದ ಗಡಿ, ಅರ್ಧ ಊರಿನ ಮನೆಮಾತು ತೆಲುಗು, ಯಾರು ಬರ್ತಾರೆ ಅಂತ. ಎರಡನೇ ವರ್ಷವೂ ಆ ಆಟ ಲಾಭದಲ್ಲಿದೆ.

ನಮ್ಮ ಬಿಕೆಟಿ, ಅಂದರೆ ಬೆಂಗಳೂರು-ಕೋಲಾರ-ತುಮಕೂರು ವಿತರಣಾ ಏರಿಯಾದ ಕಥೆ ಇದು. ಹಾಲಿವುಡ್ ಚಿತ್ರ ಬಂದರೆ ತೆಲುಗು ಡಬ್ಬಿಂಗ್ ಜೊತೆಗೇ ಬರುತ್ತದೆ. ವಿತರಕರ ಷರತ್ತು ಒಂದೇ: ನಾಲ್ಕೂ ಆಟ, ಎರಡು ವಾರ ಅದನ್ನೇ ಹಾಕಬೇಕು, ಇಲ್ಲಾಂದ್ರೆ ಚಿತ್ರವೇ ಇಲ್ಲ. ಎರಡನೇ ವಾರ ಮಧ್ಯಾಹ್ನ ಇಪ್ಪತ್ತು ಜನ ಇದ್ದರೂ ಬದಲಿಸುವ ಹಾಗಿಲ್ಲ. ಅಷ್ಟರಲ್ಲಿ ಕನ್ನಡ ಚಿತ್ರ ಬೆಂಗಳೂರಲ್ಲೇ ಎತ್ತಿರುತ್ತಾರೆ.

ಮೊದಲು ಎಂ.ಜಿ. (ಮಿನಿಮಮ್ ಗ್ಯಾರಂಟಿ, ಚಿತ್ರ ಓಡಲಿ ಬಿಡಲಿ ವಿತರಕರಿಗೆ ಕೊಡುವ ಖಾತರಿ ಹಣ) ಕೊಟ್ಟು ಬಿಡುಗಡೆಯ ಶುಕ್ರವಾರವೇ ಕನ್ನಡ ಚಿತ್ರ ತಂದೆ. ಮೂರು ಚಿತ್ರಕ್ಕೆ ಹೆಚ್ಚುಕಡಿಮೆ ಎರಡೂವರೆ ಲಕ್ಷ ಹೋಯಿತು. ಟಿಕೆಟ್ 80ರಿಂದ 50ಕ್ಕೆ ಇಳಿಸಿದರೆ ಬರುತ್ತಿದ್ದವರೇ ಬಂದರು, ಗಲ್ಲಾ ಮಾತ್ರ ಇಳಿಯಿತು. ರಾತ್ರಿಯ ಸೆಕೆಂಡ್ ಶೋ ಕೊಟ್ಟೆ, ಹಳ್ಳಿಗೆ ವಾಪಸ್ ಬಸ್ಸಿಲ್ಲ.

ಚಲನಚಿತ್ರ ವಾಣಿಜ್ಯ ಮಂಡಳಿಯಿಂದ ಈ ತೆಲುಗು ಡಬ್ಬಿಂಗ್ ಚಿತ್ರಗಳಿಗೆ ತಡೆ ಹಾಕಿಸೋಣ ಅಂದ ಗೆಳೆಯರೂ ಇದ್ದರು. ಕನ್ನಡಕ್ಕೆ ಡಬ್ಬಿಂಗ್ ತಡೆದದ್ದಕ್ಕೆ 2015ರಲ್ಲಿ ಸ್ಪರ್ಧಾ ಆಯೋಗ ಮಂಡಳಿಗೇ ದಂಡ ಹಾಕಿತ್ತು ಅಲ್ವಾ? ಆ ದಾರಿ ಬೇಡ ಅಂದೆ. ದಕ್ಷಿಣ ಕೊರಿಯಾದಲ್ಲಿ ಸ್ವಂತ ಚಿತ್ರಗಳಿಗೆ ಇಂತಿಷ್ಟು ದಿನ ಅಂತ ಕಾನೂನೇ ಇದೆ. ಥಿಯೇಟರ್‌ಗಳು ವರ್ಷಕ್ಕೆ 146 ದಿನ ಅಲ್ಲಿಯ ಚಿತ್ರ ಹಾಕಬೇಕಿತ್ತು, 2006ರಲ್ಲಿ ಅಮೆರಿಕದ ಒತ್ತಡಕ್ಕೆ 73 ಮಾಡಿದರು. ನಾಲ್ಕರಲ್ಲಿ ಒಂದು ಆಟ ಅಂದರೆ ವರ್ಷಕ್ಕೆ 91 ದಿನದ ಲೆಕ್ಕ. ಯಾವ ಕಾನೂನೂ ಇಲ್ಲದೆ ಕೊರಿಯಾಕ್ಕಿಂತ ಜಾಸ್ತಿ ಕೊಡುತ್ತಿದ್ದೇನೆ!

ದಾರಿ ಸಿಕ್ಕಿದ್ದು ಹಾಲಿನಿಂದ. ಹಳ್ಳಿಯ ಹೆಂಗಸರು ಬೆಳಿಗ್ಗೆ ಡೈರಿಗೆ ಹಾಲು ಹಾಕಿರುತ್ತಾರೆ, ಸಂಜೆ ಕರೆಯುವ ಹೊತ್ತಿಗೆ ಮನೆ ಸೇರಬೇಕು. ಹಾಗಾಗಿ ಮ್ಯಾಟಿನಿ 12:30ಕ್ಕೆ ಶುರು, ಮೂರೂಕಾಲಿಗೆ ಬಿಡಬೇಕು. ಹಾಲಿನ ದುಡ್ಡಿನ ಬಟವಾಡೆ ಆದ ವಾರ ಹೊಸ ಚಿತ್ರ. ಬೆಂಗಳೂರಲ್ಲಿ ಎರಡು ವಾರ ಓಡಿದ್ದನ್ನೇ ತರುತ್ತೇನೆ, ಎಂ.ಜಿ. ಇಲ್ಲ, ಗಳಿಕೆಯಲ್ಲಿ ಪರ್ಸೆಂಟೇಜ್ ಮಾತ್ರ.

ಹಾಲಿವುಡ್ ಚಿತ್ರಗಳ ವಿತರಕರನ್ನು ಒಪ್ಪಿಸಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಹಳೆಯ ಡಿ.ಸಿ.ಆರ್., ಅಂದರೆ ದಿನದ ಗಳಿಕೆಯ ಲೆಕ್ಕ, ಮುಂದಿಟ್ಟೆ. ನಾಲ್ಕು ಆಟ ಎರಡು ವಾರದ ಬದಲು ಮೂರು ಆಟ ಮೂರು ವಾರ ಕೊಡ್ತೀನಿ ಅಂದೆ. 56ರ ಜಾಗದಲ್ಲಿ 63 ಆಟ. ಈ ಮಾತನ್ನು ಯಾವ ತಿಂಗಳು, ಯಾರ ಹತ್ತಿರ ಎತ್ತಬೇಕು ಅನ್ನೋದು ನನ್ನ ಬಳಿಯೇ ಇರಲಿ.

ಇನ್ನೊಂದು ಪ್ರಯೋಗ ಮಾಡಿದೆ. ಆಟೋದಲ್ಲಿ ಕನ್ನಡ ಚಿತ್ರದ ಪ್ರಚಾರವನ್ನು ತೆಲುಗಿನಲ್ಲಿ ಕೂಗಿಸಿದೆ. ಬೈದವರೂ ಇದ್ದಾರೆ. ಆದರೆ ಗಡಿಯ ನಂಗಲಿ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದರು. ಶಾಲೆ ಮಕ್ಕಳ ಆಟ ಮಾತ್ರ ಗಿಟ್ಟಲಿಲ್ಲ, ಬಸ್ ಬಾಡಿಗೆಯೇ ಟಿಕೆಟ್ ದುಡ್ಡು ನುಂಗಿತು.

ಈಗ ಮ್ಯಾಟಿನಿಗೆ ಸರಾಸರಿ ನೂರೈವತ್ತು ಜನ. ಪಾಲು, ಕರೆಂಟು, ಸಂಬಳ ಕಳೆದು ಆ ಒಂದು ಆಟದಿಂದಲೇ ತಿಂಗಳಿಗೆ ನಲವತ್ತು ಸಾವಿರ ಉಳಿಯುತ್ತದೆ, ಕ್ಯಾಂಟೀನ್ ಬೇರೆ. ಮಾವಿನ ಕೊಯ್ಲಿನಲ್ಲಿ ಮಧ್ಯಾಹ್ನ ಯಾರಿಗೂ ಬಿಡುವಿರಲ್ಲ. ಆ ಆರು ವಾರ ಕನ್ನಡ ಚಿತ್ರವನ್ನು ಸಂಜೆಯ ಫಸ್ಟ್ ಶೋಗೆ ಹಾಕಲು ಮಾತುಕತೆ ನಡೆಯುತ್ತಿದೆ.